ಕೆಂಡದ ಹದ ಮತ್ತು ನಮ್ಮ ಹಿತ್ತಿಲು

ಬಕ್ರೀದ್‌ನ ಸಂಜೆ. ಚಾರ್ಮಾಡಿ ಘಾಟಿಯ ಕಡೆಯಿಂದ ಇಳಿದು ಬಂದ ಮಳೆ ಮುಂಡಾಜೆಯ ಅಡಿಕೆ ತೋಟಗಳ ಮೇಲೆ ಸುರಿಯುತ್ತಿತ್ತು. ಮನೆಯ ಹಿಂದೆ ನಾಲ್ಕು ಕಂಬ ನೆಟ್ಟು, ಮೇಲೆ ತಗಡಿನ ಶೀಟು ಹೊದಿಸಿ, ಹುಡುಗರೆಲ್ಲ ಕಬ್ಬಿಣದ ಹೊಸ ಒಲೆಯ ಸುತ್ತ ಸೇರಿದ್ದರು. ಇದ್ದಿಲು ಹಿಡಿಯಲಿಲ್ಲ. ಸೀಮೆಎಣ್ಣೆ ಬಂತು, ಭಗ್ಗೆಂದು ಉರಿ ಎದ್ದಿತು, ಆ ಉರಿಯ ಮೇಲೆಯೇ ಜಾಲರಿ ಇಟ್ಟರು. ಕೆಂಪು ಬಣ್ಣದ ಮಸಾಲೆ ಮೆತ್ತಿದ ಕೋಳಿ ಕಾಲುಗಳು ಐದೇ ನಿಮಿಷದಲ್ಲಿ ಕಪ್ಪಾದವು. ಚಪ್ಪಾಳೆ ಬಿತ್ತು, ಮೊಬೈಲಿನಲ್ಲಿ ಫೋಟೋ ತೆಗೆದರು. ಬಟ್ಟಲಿಗೆ ಬಂದ ತುಂಡನ್ನು ನಾವು ಮುರಿದಾಗ ಮೂಳೆಯ ಬಳಿ ನಸುಗೆಂಪು ನೀರು ಜಿನುಗಿತು. ಹೊರಗೆ ಕರಕಲು, ಒಳಗೆ ಹಸಿ, ಬಾಯಲ್ಲಿ ಸೀಮೆಎಣ್ಣೆಯ ವಾಸನೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಏನೂ ಹೇಳದೆ ತಮ್ಮ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದರು. ಆ ರಾತ್ರಿ ಬೆಕ್ಕುಗಳಿಗೆ ಹಬ್ಬ.

ಇದು ಒಂದು ಮನೆಯ ಕಥೆಯಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ಕಡೆ ಕಳೆದ ಕೆಲವು ವರ್ಷಗಳಿಂದ ಹಬ್ಬ, ಮದುವೆಯ ಮುನ್ನಾ ರಾತ್ರಿ, ಗಲ್ಫಿನಿಂದ ಬಂದವರ ರಜೆ, ಹೀಗೆ ಯಾವ ನೆಪ ಸಿಕ್ಕರೂ ಹಿತ್ತಿಲಲ್ಲಿ ಕೆಂಡ ಹೊತ್ತಿಕೊಳ್ಳುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಮನೆಮಂದಿ ಒಂದೇ ಬೆಂಕಿಯ ಸುತ್ತ ಕೂರುವುದು ಸಂತೋಷದ ಸಂಗತಿಯೇ. ಆದರೆ ಈ ಹೊಸ ರೂಢಿಯನ್ನು ಒಮ್ಮೆಯಾದರೂ ವಿಮರ್ಶೆಯ ಕಣ್ಣಿನಿಂದ ನೋಡಬೇಕು ಎಂಬುದು ನಮ್ಮ ಅನಿಸಿಕೆ. ಕಥೆ, ಕವಿತೆ, ನಾಟಕಗಳನ್ನು ವಿಮರ್ಶಿಸುವ ನಾವು ನಮ್ಮ ತಟ್ಟೆಯನ್ನು ವಿಮರ್ಶೆಗೆ ಒಡ್ಡುವುದಿಲ್ಲ. ಊಟವೆಂದರೆ ರುಚಿ, ರುಚಿಯೆಂದರೆ ಅವರವರ ನಾಲಗೆ ಎಂದು ಕೈತೊಳೆದುಕೊಳ್ಳುತ್ತೇವೆ. ಮಾಂಸದ ವಿಷಯದಲ್ಲಿ ಅಷ್ಟು ಸುಲಭವಾಗಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಅಲ್ಲಿ ಒಂದು ಜೀವ ಹೋಗಿದೆ.

ಪರದೇಶದ್ದೂ ಅಲ್ಲ, ಹೊಸದೂ ಅಲ್ಲ

ಮೊದಲು ಹೆಸರುಗಳಿಂದಲೇ ಶುರು ಮಾಡೋಣ. ನಮ್ಮ ಹೆದ್ದಾರಿಯ ಬದಿಯ ಫಲಕಗಳಲ್ಲಿ ಇಂದು ಕಾಣುವ 'ಅಲ್ ಫಹಮ್' ಎಂಬ ಮಾತಿಗೆ ಅರಬಿಯಲ್ಲಿ 'ಇದ್ದಿಲು' ಎಂದಷ್ಟೇ ಅರ್ಥ. 'ಶವಾಯಿ'ಯ ಮೂಲದಲ್ಲಿರುವುದು ಸುಡು ಎಂಬ ಕ್ರಿಯೆ. 'ಮಂದಿ' ಯಮನ್ ದೇಶದ ಹದ್ರಮೌತ್ ಕಡೆಯ ಅಡುಗೆ. ಕೇರಳದವರು ಅದಕ್ಕೆ ತಮ್ಮ 'ಕುಳಿ'ಯನ್ನು ಸೇರಿಸಿ 'ಕುಝಿಮಂದಿ' ಮಾಡಿದರು. 1970ರ ದಶಕದಲ್ಲಿ ತೈಲದ ಬೆಲೆ ಏರಿ ಗಲ್ಫಿನ ಬಾಗಿಲು ತೆರೆದ ಮೇಲೆ ಕರಾವಳಿಯ ಯುವಕರು ಅಲ್ಲಿಗೆ ಹೋದರು. ಹಣದ ಜೊತೆಗೆ ನಾಲಗೆಯ ನೆನಪನ್ನೂ ತಂದರು. ತಂದದ್ದು ರುಚಿಯ ನೆನಪು. ಅದನ್ನು ಅಲ್ಲಿ ದಿನವೂ ಒಲೆಯ ಮುಂದೆ ನಿಂತು ಮಾಡುತ್ತಿದ್ದವನ ಕೈಹದ ವಿಮಾನ ಹತ್ತಲಿಲ್ಲ. ಇದ್ದಿಲಿನ ಹೆಸರನ್ನೇ ಹೊತ್ತ ತಿನಿಸನ್ನು ಇದ್ದಿಲಿನ ಬಗ್ಗೆ ಏನೂ ತಿಳಿಯದೆ ಮಾಡಲು ಹೊರಟಿದ್ದೇವೆ ಎಂಬುದೇ ನಮ್ಮ ಮೊದಲ ಆಕ್ಷೇಪ.

ಎರಡನೆಯದು, ಇದನ್ನು ಪೂರ್ತಿ ಪರದೇಶದ್ದೆಂದು ತಿಳಿಯುವ ತಪ್ಪು. ಕೆಲವರು ಅದನ್ನು ಹೆಮ್ಮೆಯಿಂದ ಹೇಳುತ್ತಾರೆ, ಕೆಲವರು ಮೂಗು ಮುರಿದು ಹೇಳುತ್ತಾರೆ. ಇಬ್ಬರೂ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನನ್ನು ಮರೆತಿದ್ದಾರೆ. 12ನೇ ಶತಮಾನದ ಮೊದಲ ಭಾಗದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕುಳಿತು ಆಳಿದ ಆತ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅಡುಗೆಯದೇ ಒಂದು ಭಾಗವಿದೆ. ಮಾಂಸವನ್ನು ತುಂಡು ಮಾಡಿ, ಸರಳಿಗೆ ಚುಚ್ಚಿ, ಕೆಂಡದ ಮೇಲೆ ಸುಡುವ ವಿಧಾನಗಳು ಅಲ್ಲಿ ವಿವರವಾಗಿ ಬರುತ್ತವೆ. ನಾವು ತಿನ್ನದ ಪ್ರಾಣಿಗಳೂ ಆ ಪಟ್ಟಿಯಲ್ಲಿವೆ, ಅದು ಬೇರೆ ಮಾತು. ಕನ್ನಡ ನೆಲದ ಅರಮನೆಯಲ್ಲಿ ಕೆಂಡದ ಅಡುಗೆ ಒಂದು ವಿದ್ಯೆಯಾಗಿತ್ತು ಎಂಬುದಂತೂ ಸ್ಪಷ್ಟ.

ಹಾಗಾದರೆ ಆ ವಿದ್ಯೆ ಕನ್ನಡದ ಬರಹದಲ್ಲಿ ಏಕೆ ಮುಂದುವರಿಯಲಿಲ್ಲ? 1025ರ ಸುಮಾರಿನ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಯ ಅಧ್ಯಾಯವಿದೆ. 16ನೇ ಶತಮಾನದ ಆರಂಭದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಪೂರ್ತಿ ಅಡುಗೆಗೇ ಮೀಸಲಾದ ಕಾವ್ಯ. ಎರಡೂ ಜೈನ ಕವಿಗಳ ಕೃತಿಗಳು, ಸಹಜವಾಗಿಯೇ ಸಸ್ಯಾಹಾರದವು. ಅದು ಅವರ ದೋಷವಲ್ಲ. ತಮಗೆ ತಿಳಿದದ್ದನ್ನು ಅವರು ಚೆನ್ನಾಗಿ ಬರೆದಿಟ್ಟರು. ಮಂಗರಸನ ಕಾಲಕ್ಕೆ ಹತ್ತಿರದಲ್ಲೇ ಮಧ್ಯ ಭಾರತದ ಮಾಂಡೂ ಸುಲ್ತಾನರ ಆಸ್ಥಾನದಲ್ಲಿ 'ನಿಅಮತ್‌ನಾಮಾ' ಎಂಬ ಸಚಿತ್ರ ಅಡುಗೆ ಪುಸ್ತಕ ಸಿದ್ಧವಾಯಿತು. ಕಬಾಬು, ಸಮೋಸಗಳ ಲೋಕ ಅಲ್ಲಿದೆ. ಕನ್ನಡದಲ್ಲಿ ಮಾಂಸ ಬೇಯಿಸುವವರು ಮಾತ್ರ ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ. ಅದು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿತು. ಬಾಯಿಮಾತಿನ ವಿದ್ಯೆಗೆ ಒಂದು ಅಪಾಯವಿದೆ. ಒಂದು ತಲೆಮಾರು ಕೇಳುವುದನ್ನು ಬಿಟ್ಟರೆ ಸಾಕು, ಅದು ಮುಗಿಯಿತು.

ಈಗಿನ ಅಡುಗೆ ಪುಟಗಳನ್ನು ನೋಡಿ. ನಮ್ಮಂಥ ಪತ್ರಿಕೆಗಳನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇವೆ. ಮಸಾಲೆಯ ಪಟ್ಟಿ ಉದ್ದವಾಗಿರುತ್ತದೆ, ಇಷ್ಟು ಚಮಚ, ಅಷ್ಟು ಎಸಳು. ಕೊನೆಯ ಸಾಲು ಮಾತ್ರ 'ಕೆಂಡದ ಮೇಲೆ ಹದವಾಗಿ ಸುಟ್ಟು ಬಿಸಿ ಬಿಸಿಯಾಗಿ ಬಡಿಸಿ' ಎಂದು ಮುಗಿಯುತ್ತದೆ. ಹದವೆಂದರೇನು? ಎಂಥ ಕೆಂಡ, ಎಷ್ಟು ದೂರ, ಎಷ್ಟು ಹೊತ್ತು? ಅಡುಗೆಯ ಜೀವ ಇರುವುದೇ ಆ ಒಂದು ಪದದಲ್ಲಿ. ಅದನ್ನೇ ಬರೆಯದೆ ಬಿಟ್ಟ ಬರಹವನ್ನು ಅಡುಗೆ ಬರಹ ಎನ್ನಬೇಕೆ ಅಥವಾ ದಿನಸಿ ಚೀಟಿ ಎನ್ನಬೇಕೆ?

ಬಚ್ಚಲೊಲೆಯ ಪಾಠಶಾಲೆ

ಹದ ಗೊತ್ತಿದ್ದವರು ನಮ್ಮ ಮನೆಗಳಲ್ಲೇ ಇದ್ದರು, ಈಗಲೂ ಇದ್ದಾರೆ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಸ್ನಾನದ ಹಂಡೆಯ ಒಲೆ ಬೆಳಗಿನಿಂದ ರಾತ್ರಿಯವರೆಗೆ ಆರುತ್ತಿರಲಿಲ್ಲ. ಜಾತಿ ಮತದ ಭೇದವಿಲ್ಲದೆ ಎಲ್ಲರ ಮನೆಯ ಮಕ್ಕಳೂ ಆ ಒಲೆಯ ಮುಂದೆ ಕುಳಿತು ಬೆಂಕಿಯನ್ನು ಓದಲು ಕಲಿತರು. ಗೇರುಬೀಜಕ್ಕೆ ಒಂದು ಕೆಂಡ, ಹಲಸಿನ ಬೀಜಕ್ಕೆ ಬಿಸಿ ಬೂದಿ, ಗೆಣಸಿಗೆ ಬೂದಿಯ ಕೆಳಗಿನ ನಿಧಾನದ ಕಾವು, ಒಣಮೀನಿಗೆ ಕ್ಷಣ ಮಾತ್ರದ ಝಳ. ಹಪ್ಪಳ ಸುಡುವಾಗ ಕೈ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಯಾರೂ ಅಳತೆಪಟ್ಟಿ ಹಿಡಿದು ಹೇಳಿಕೊಡಲಿಲ್ಲ. ಉರಿಯ ಮೇಲೆ ಇಟ್ಟರೆ ಕರಕಲಾಗುತ್ತದೆ, ಕೆಂಡದ ಮೇಲೆ ಇಟ್ಟರೆ ಬೇಯುತ್ತದೆ, ಬೂದಿಯಲ್ಲಿ ಇಟ್ಟರೆ ಒಳಗಿನವರೆಗೂ ಮಾಗುತ್ತದೆ ಎಂಬ ಮೂರು ಪಾಠಗಳು ಬಾಲ್ಯದಲ್ಲೇ ಮುಗಿಯುತ್ತಿದ್ದವು.

ಈಗ ಬಚ್ಚಲಿಗೆ ಗೀಸರು ಬಂದಿದೆ, ಅಡುಗೆಮನೆಗೆ ಗ್ಯಾಸು ಬಂದಿದೆ. ಹೊಗೆ ಕುಡಿದು ಕೆಮ್ಮುತ್ತಿದ್ದ ಹೆಂಗಸರ ಮಟ್ಟಿಗೆ ಅದು ಬಿಡುಗಡೆ, ಅದನ್ನು ಹಿಂದಕ್ಕೆ ತಿರುಗಿಸಿ ಎಂದು ನಾವು ಹೇಳುವುದಿಲ್ಲ. ಆದರೆ ಅಲ್ಲಿ ಕಲಿತವರು ಇನ್ನೂ ಮನೆಯಲ್ಲಿದ್ದಾರೆ. ಹಿತ್ತಿಲಲ್ಲಿ ಕೆಂಡ ಹೊತ್ತಿಸುವ ಹುಡುಗ ಮೊಬೈಲನ್ನು ಕೇಳುತ್ತಾನೆ, ಒಳಗೆ ಕುಳಿತ ಉಮ್ಮನನ್ನು ಕೇಳುವುದಿಲ್ಲ. ಬೆಂಕಿ ಅಂಗಳಕ್ಕೆ ಬಂದ ಕೂಡಲೇ ಅದು ಗಂಡಸರ ಆಟವಾಗುತ್ತದೆ. ಹೆಂಗಸರ ಪಾಲಿಗೆ ಮೊದಲು ಈರುಳ್ಳಿ ಹೆಚ್ಚುವುದು, ಆಮೇಲೆ ಜಿಡ್ಡು ಹಿಡಿದ ಜಾಲರಿ ತಿಕ್ಕುವುದು. ನಡುವಿನ ಚಪ್ಪಾಳೆ ಮಾತ್ರ ನಮ್ಮದು. ಹೆಣ್ಣಿನ ದಿನನಿತ್ಯದ ಅಡುಗೆ ಕರ್ತವ್ಯ, ಗಂಡಿನ ವರ್ಷಕ್ಕೊಮ್ಮೆಯ ಅಡುಗೆ ಸಾಧನೆ ಎಂಬ ಲೆಕ್ಕ ಯಾವ ಧರ್ಮದಲ್ಲೂ ಇಲ್ಲ. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರೆಂದು ಆಯಿಶಾ(ರ) ಅವರೇ ತಿಳಿಸಿದ್ದಾರೆ. ಆ ನೆರವಿನಲ್ಲಿ ಪ್ರದರ್ಶನವಿರಲಿಲ್ಲ.

ಬೆಂಕಿಯ ಓದು

ಬರೀ ಆಕ್ಷೇಪಿಸಿ ಬಿಟ್ಟರೆ ವಿಮರ್ಶೆ ಅರ್ಧವಾಗುತ್ತದೆ. ಆ 'ಹದ' ಏನೆಂಬುದನ್ನು ಬಿಡಿಸಿ ಹೇಳುವುದು ನಮ್ಮ ಹೊಣೆ.

ಇದ್ದಿಲು ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲು ಬೇಡವೇ ಬೇಡ. ನಮ್ಮ ಊರಲ್ಲಿ ತೆಂಗಿನ ಗೆರಟೆಗೆ ಬರವಿಲ್ಲ. ಒಣಗಿದ ಗೆರಟೆ ಬೇಗ ಹಿಡಿಯುತ್ತದೆ. ಅದರ ಮೇಲೆ ಇದ್ದಿಲು ಗುಪ್ಪೆ ಹಾಕಿ ಅಡಿಕೆ ಹಾಳೆಯಿಂದ ಗಾಳಿ ಹಾಕಿದರೆ ಸಾಕು. ಗೆರಟೆ ಉರಿಯುವಾಗ ಕಪ್ಪು ಹೊಗೆ ಬರುತ್ತದೆ, ಆ ಹೊಗೆ ಮಾಂಸಕ್ಕೆ ತಾಗಬಾರದು. ಹೊಗೆ ನಿಂತು, ಉರಿ ಇಳಿದು, ಇದ್ದಿಲಿನ ಮೇಲೆ ತೆಳುವಾದ ಬೂದಿ ಕೂತ ಮೇಲೆಯೇ ಜಾಲರಿ ಇಡಬೇಕು. ಇದಕ್ಕೆ ಅರ್ಧ ಗಂಟೆಯಾದರೂ ಬೇಕು. ನಮ್ಮ ಹಿತ್ತಿಲ ಅಡುಗೆಯ ಮುಕ್ಕಾಲು ಪಾಲು ಸೋಲು ಈ ಅರ್ಧ ಗಂಟೆಯನ್ನು ಕಾಯದೆ ಇರುವುದರಿಂದಲೇ ಬರುತ್ತದೆ. ಹಳೆಯ ಪೀಠೋಪಕರಣ, ಬಣ್ಣ ಬಳಿದ ಹಲಗೆ, ಔಷಧಿ ಹಾಕಿ ಹದಮಾಡಿದ ಮರವನ್ನು ಎಂದೂ ಉರಿಸಬಾರದು. ಅದರ ವಿಷ ನೇರವಾಗಿ ಆಹಾರಕ್ಕೆ ಸೇರುತ್ತದೆ.

ಕೆಂಡವನ್ನು ಒಲೆಯ ತುಂಬ ಸಮನಾಗಿ ಹರಡುವುದು ಎರಡನೆಯ ತಪ್ಪು. ಒಂದು ಬದಿಗೆ ಕೆಂಡ ಸರಿಸಿ, ಇನ್ನೊಂದು ಬದಿಯನ್ನು ಖಾಲಿ ಬಿಡಿ. ಕೆಂಡದ ಮೇಲೆ ಬಣ್ಣ ಬರುತ್ತದೆ, ಖಾಲಿ ಬದಿಯಲ್ಲಿ ಒಳಗು ಬೇಯುತ್ತದೆ. ಬಚ್ಚಲೊಲೆಯಲ್ಲಿ ಕೆಂಡ ಬೇರೆ, ಬೂದಿ ಬೇರೆ ಇದ್ದ ಹಾಗೆಯೇ ಇದು. ದಪ್ಪ ತುಂಡುಗಳನ್ನು ಖಾಲಿ ಬದಿಯಲ್ಲಿಟ್ಟು ಮೇಲೊಂದು ದೊಡ್ಡ ಪಾತ್ರೆ ಕವುಚಿದರೆ ಕಾವು ಸುತ್ತಿ ಬಂದು ಮೂಳೆಯವರೆಗೂ ತಲುಪುತ್ತದೆ. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದಾಗ ನೀರು ಎರಚಬೇಡಿ, ಬೂದಿ ಹಾರಿ ಮಾಂಸಕ್ಕೆ ಅಂಟುತ್ತದೆ. ತುಂಡನ್ನು ಆ ಬದಿಗೆ ಸರಿಸಿದರೆ ಉರಿ ತಾನೇ ಇಳಿಯುತ್ತದೆ. ಕಾವು ಎಷ್ಟಿದೆ ಎಂದು ತಿಳಿಯಲು ಅಂಗೈಯೇ ಸಾಕು. ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿಯಿರಿ. ಎರಡು ಮೂರು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಯಿತೆಂದರೆ ಜೋರು ಕಾವು, ಐದಾರರವರೆಗೆ ತಾಳಿದರೆ ನಡುಗಾವು. ಕೋಳಿಗೆ ನಡುಗಾವು ಸರಿ.

'ಮೊದಲು ಜೋರು ಬೆಂಕಿ ತೋರಿಸಿದರೆ ರಸ ಒಳಗೇ ಮುಚ್ಚಿಕೊಳ್ಳುತ್ತದೆ' ಎಂಬ ಮಾತನ್ನು ಅನೇಕರು ಹೇಳುವುದುಂಟು. ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ 19ನೇ ಶತಮಾನದ ನಡುವಿನಲ್ಲಿ ಹಬ್ಬಿಸಿದ ಈ ಊಹೆ ಮುಂದೆ ಪ್ರಯೋಗಗಳಲ್ಲಿ ಸುಳ್ಳಾಯಿತು. ಸುಟ್ಟ ಮೇಲ್ಮೈ ರಸವನ್ನು ತಡೆಯುವುದಿಲ್ಲ, ಜಾಲರಿಯ ಮೇಲಿನ ಚುರ್ ಸದ್ದೇ ರಸ ಹೊರಬರುತ್ತಿರುವುದಕ್ಕೆ ಸಾಕ್ಷಿ. ಜೋರು ಕಾವಿನಿಂದ ಸಿಗುವುದು ಪರಿಮಳ ಮತ್ತು ಕಂದುಬಣ್ಣ. 1912ರಲ್ಲಿ ಫ್ರಾನ್ಸಿನ ಮೇಯಾರ್ ವಿವರಿಸಿದ ರಾಸಾಯನಿಕ ಕ್ರಿಯೆ ಅದು. ಕಂದು ಬೇಕು, ಕಪ್ಪು ಬೇಡ. ಕರಕಲಾದ ಮಾಂಸದಲ್ಲಿ, ಕೊಬ್ಬು ಕೆಂಡಕ್ಕೆ ಬಿದ್ದು ಏಳುವ ಹೊಗೆಯಲ್ಲಿ ಕ್ಯಾನ್ಸರಿಗೆ ದಾರಿ ಮಾಡಬಲ್ಲ ರಾಸಾಯನಿಕಗಳು ಹುಟ್ಟುತ್ತವೆ. ಮಕ್ಕಳ ತಟ್ಟೆಗೆ ಹಾಕುವ ಮುನ್ನ ಕಪ್ಪಾದ ಭಾಗವನ್ನು ಕೆರೆದು ತೆಗೆಯುವುದು ಜಿಪುಣತನವೂ ಅಲ್ಲ, ನಾಜೂಕೂ ಅಲ್ಲ.

ಮಳೆಯ ಬಗ್ಗೆ ಎರಡು ಮಾತು. ಬಕ್ರೀದ್ 2023ರಲ್ಲಿ ಜೂನ್ 29ಕ್ಕೆ, 2024ರಲ್ಲಿ ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂತು. ಮೂರೂ ನಮ್ಮ ಮಳೆಗಾಲ. ಮಳೆ ಜೋರಾದಾಗ ಒಲೆಯನ್ನು ಎತ್ತಿ ಕೋಣೆಯೊಳಗೋ ಗ್ಯಾರೇಜಿನೊಳಗೋ ಇಟ್ಟು ಬಾಗಿಲು ಹಾಕಿಕೊಳ್ಳುವವರಿದ್ದಾರೆ. ಇದು ಜೀವಕ್ಕೇ ಅಪಾಯ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗಿ ನಿದ್ದೆ ಬಂದಂತಾಗುತ್ತದೆ, ಆಮೇಲೆ ಏಳುವುದಿಲ್ಲ. ಮೂರು ಬದಿ ತೆರೆದ ಶೀಟಿನ ಕೆಳಗೆ ಮಾತ್ರ ಕೆಂಡ ಇರಲಿ. ಅದೂ ಆಗದ ದಿನ ಕಾವಲಿಯಲ್ಲಿ ಬೇಯಿಸಿ, ಮಾನ ಹೋಗುವುದಿಲ್ಲ. ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ 2029ರ ಹೊತ್ತಿಗೆ ಏಪ್ರಿಲ್ ತಿಂಗಳಿಗೆ ಬರುತ್ತದೆ. ಆಗ ತೋಟದ ತುಂಬ ಒಣ ಸೋಗೆ, ಒಣ ಹಾಳೆ. ಒಂದು ಕಿಡಿಗೆ ವರ್ಷದ ಫಸಲು ಹೋದೀತು. ನೀರಿನ ಬಕೆಟ್ ಪಕ್ಕದಲ್ಲಿರಲಿ, ಕೆಂಡವನ್ನು ಪೂರ್ತಿ ಆರಿಸಿಯೇ ಮಲಗಬೇಕು.

ಮಾಂಸದ ಓದು

ಬಕ್ರೀದ್‌ನ ದಿನವೇ ಕುರ್ಬಾನಿಯ ಮಾಂಸವನ್ನು ಕೆಂಡಕ್ಕೆ ಹಾಕಿ, 'ಈ ಸಲದ ಆಡು ಸರಿಯಿಲ್ಲ, ರಬ್ಬರಿನಂತಿದೆ' ಎಂದು ಬೈಯುವುದನ್ನು ಕೇಳಿದ್ದೇವೆ. ಆಡಿನ ತಪ್ಪೇನೂ ಇಲ್ಲ. ಪ್ರಾಣ ಹೋದ ಕೆಲವು ಗಂಟೆಗಳಲ್ಲಿ ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಮತ್ತೆ ಸಡಿಲವಾಗಲು ಸುಮಾರು ಒಂದು ದಿನ ಬೇಕು. ಸೆಟೆದ ಮಾಂಸವನ್ನು ಯಾವ ಮಸಾಲೆಯೂ ಮೆದು ಮಾಡಲಾರದು. ಹಬ್ಬದ ದಿನ ಮೊದಲು ಲಿವರ್ ಬೇಯಿಸಿ ತಿನ್ನುವ ರೂಢಿ ನಮ್ಮಲ್ಲಿದೆ. ಅದರ ಹಿಂದೆ ಅನುಭವದ ಜಾಣತನವೂ ಇದೆ. ಲಿವರಿಗೆ ಈ ಸೆಟೆತದ ಕಾಟವಿಲ್ಲ, ಕ್ಷಣದಲ್ಲಿ ಬೇಯುತ್ತದೆ. ಸುಡಲು ಇಟ್ಟುಕೊಂಡ ಮಾಂಸವನ್ನು ತಕ್ಷಣ ಫ್ರೀಜರಿಗೆ ತುರುಕದೆ, ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳಹಂತದಲ್ಲಿ ಒಂದು ರಾತ್ರಿ ಇಟ್ಟು ಮರುದಿನ ಕೆಂಡಕ್ಕೆ ಹಾಕಿ. ವ್ಯತ್ಯಾಸ ನಾಲಗೆಗೇ ತಿಳಿಯುತ್ತದೆ.

ಎಲ್ಲ ಭಾಗವೂ ಸುಡಲು ತಕ್ಕುದಲ್ಲ. ಬೆನ್ನಿನ ಮಾಂಸ, ಪಕ್ಕೆಲುಬು, ತೊಡೆಯ ಒಳಭಾಗ ಕೆಂಡಕ್ಕೆ ಒಗ್ಗುತ್ತವೆ. ಕುತ್ತಿಗೆ, ಮೊಣಕಾಲಿನ ಕೆಳಗಿನ ಭಾಗ ಹೆಚ್ಚು ದುಡಿದ ಸ್ನಾಯುಗಳು, ಅಲ್ಲಿನ ನಾರು ಕರಗಲು ನೀರು ಮತ್ತು ಗಂಟೆಗಟ್ಟಲೆ ಸಣ್ಣ ಬೆಂಕಿ ಬೇಕು. ಅವು ಸಾರಿಗೆ, ಸೂಪಿಗೆ. ಹಾಗೆಯೇ ಕೋಳಿಯಲ್ಲಿ. ಫಾರ್ಮಿನ ಎಳೆಯ ಕೋಳಿ ಕೆಂಡದ ಮೇಲೆ ಬೇಗ ಬೇಯುತ್ತದೆ. ತೋಟದಲ್ಲಿ ಕೆದಕಿ ಬೆಳೆದ ಊರ ಕೋಳಿಯನ್ನು ಸುಡಲು ಹೋಗುವುದು ಅದಕ್ಕೂ ಅವಮಾನ, ಹಲ್ಲಿಗೂ ಅವಮಾನ. ಅದರ ಜಾಗ ಸುಕ್ಕದಲ್ಲಿ, ಗಸಿಯಲ್ಲಿ.

ಮಸಾಲೆಯ ಬಗ್ಗೆ ನಮ್ಮಲ್ಲಿ ಅತಿಯಾದ ನಂಬಿಕೆಯಿದೆ. ಎರಡು ದಿನ ನೆನೆಸಿದರೆ ಮೂಳೆಗೂ ಇಳಿಯುತ್ತದೆ ಎನ್ನುತ್ತೇವೆ. ನಿಜವಾಗಿ ಒಳಕ್ಕೆ ಇಳಿಯುವುದು ಮುಖ್ಯವಾಗಿ ಉಪ್ಪು. ಒಂದು ಕಿಲೋ ಮಾಂಸಕ್ಕೆ 12ರಿಂದ 15 ಗ್ರಾಂ ಉಪ್ಪನ್ನು ಕೆಲವು ಗಂಟೆ ಮೊದಲೇ ಹಚ್ಚಿಟ್ಟರೆ ಅದು ರುಚಿಯನ್ನೂ ಕೊಡುತ್ತದೆ, ಮಾಂಸದ ನೀರನ್ನೂ ಉಳಿಸುತ್ತದೆ. ಶುಂಠಿ, ಬೆಳ್ಳುಳ್ಳಿ, ಮೆಣಸು ಬಹುಪಾಲು ಮೇಲ್ಮೈಯಲ್ಲೇ ಉಳಿಯುತ್ತವೆ. ಲಿಂಬೆರಸ ಮತ್ತು ಹಸಿ ಪಪ್ಪಾಯಿ ಹೆಚ್ಚು ಹೊತ್ತಾದರೆ ಮೇಲ್ಪದರವನ್ನು ಹಿಟ್ಟಿನಂತೆ ಮಾಡುತ್ತವೆ, ಸಣ್ಣ ತುಂಡುಗಳಿಗೆ ಒಂದೆರಡು ಗಂಟೆ ಧಾರಾಳವಾಯಿತು. ಮೊಸರು ಇವೆರಡಕ್ಕಿಂತ ಸೌಮ್ಯ. ಸಕ್ಕರೆ, ಸಾಸು ಬೆರೆಸಿದ ಮಸಾಲೆ ಒಳಗು ಬೇಯುವ ಮುನ್ನವೇ ಸೀದು ಹೋಗುತ್ತದೆ, ಅದನ್ನು ಕೊನೆಯ ಐದು ನಿಮಿಷಕ್ಕೆ ಹಚ್ಚಿದರೆ ಸಾಕು. ಕೋಳಿಯ ಕಾಲನ್ನು ಮೂಳೆಯವರೆಗೆ ಎರಡು ಮೂರು ಕಡೆ ಸೀಳಬೇಕು. ಇಡೀ ಕೋಳಿಯಾದರೆ ಬೆನ್ನು ಸೀಳಿ ಪುಸ್ತಕದಂತೆ ತೆರೆದು ಚಪ್ಪಟೆ ಮಾಡಬೇಕು. ಅಲ್ ಫಹಮ್ ಮಾಡುವವರು ಹಾಗೆ ಮಾಡುವುದು ನೋಟಕ್ಕಲ್ಲ, ಎಲ್ಲ ಕಡೆ ಸಮನಾಗಿ ಬೇಯಲೆಂದು.

ಬಣ್ಣ ಮತ್ತು ಅವಸರ

ನಮ್ಮ ಹಿತ್ತಿಲಿಗೆ ಹೋಟೆಲಿನಿಂದ ಬಂದ ಇನ್ನೊಂದು ಕಾಯಿಲೆ ಬಣ್ಣ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ರಾಜ್ಯದಲ್ಲಿ ಕಬಾಬಿನ 39 ಮಾದರಿಗಳನ್ನು ಪರೀಕ್ಷಿಸಿದಾಗ 8 ಅಸುರಕ್ಷಿತವೆಂದು ಕಂಡುಬಂತು. ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಎಂಬ ಕೃತಕ ಬಣ್ಣಗಳು ಅವುಗಳಲ್ಲಿದ್ದವು. ಆ ವರ್ಷದ ಜೂನ್ ತಿಂಗಳಲ್ಲಿ ಸಸ್ಯಾಹಾರಿ, ಕೋಳಿ, ಮೀನು ಎಂಬ ಭೇದವಿಲ್ಲದೆ ಎಲ್ಲ ಕಬಾಬುಗಳಲ್ಲೂ ಕೃತಕ ಬಣ್ಣ ಬಳಸುವುದನ್ನು ಸರಕಾರ ನಿಷೇಧಿಸಿತು. ಹೋಟೆಲಿಗೆ ಅಧಿಕಾರಿ ಬರುತ್ತಾರೆ, ಹಿತ್ತಿಲಿಗೆ ಯಾರೂ ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಚಿಟಿಕೆ ಬಣ್ಣದ ಪೊಟ್ಟಣವನ್ನು ನಾವೇ ನಮ್ಮ ಮಕ್ಕಳ ಊಟಕ್ಕೆ ಸುರಿಯುತ್ತೇವೆ. ಕರ್ನಾಟಕಕ್ಕೆ ಬ್ಯಾಡಗಿ ಮೆಣಸು ಇರುವಾಗ ಇದರ ಅಗತ್ಯವಾದರೂ ಏನು? ಖಾರ ಕಡಿಮೆ, ಬಣ್ಣ ಗಾಢ ಎಂಬುದೇ ಅದರ ಕೀರ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ನೆನೆಸಿ ಅರೆದರೆ ಯಾವ ಪೊಟ್ಟಣಕ್ಕೂ ಕಡಿಮೆಯಿಲ್ಲದ ಕೆಂಪು ಬರುತ್ತದೆ.

ಅವಸರಕ್ಕೆ ಬೆಲೆ ತೆತ್ತ ಉದಾಹರಣೆಗಳು ದೂರದಲ್ಲಿಲ್ಲ. 2022ರ ಮೇ ತಿಂಗಳಲ್ಲಿ ನೆರೆಯ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಶಾಲಾ ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡಳು, ಹಲವರು ಆಸ್ಪತ್ರೆ ಸೇರಿದರು. ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮಯೊನೈಸನ್ನೇ ನಿಷೇಧಿಸಿತು. ನಾವು ಕೆಂಡದ ಕೋಳಿಯ ಪಕ್ಕಕ್ಕೆ ಮನೆಯಲ್ಲೇ ಕಡೆದು ಗಂಟೆಗಟ್ಟಲೆ ಹೊರಗಿಡುವುದು ಅದೇ ಬಿಳಿ ಮುದ್ದೆಯನ್ನು. ಹಸಿ ಮಾಂಸ ತಂದ ತಟ್ಟೆಗೇ ಬೆಂದ ತುಂಡನ್ನು ಹಾಕುತ್ತೇವೆ, ಹಸಿ ಮಸಾಲೆಯ ಉಳಿಕೆಯನ್ನೇ ಬೆಂದ ಮಾಂಸದ ಮೇಲೆ ಸವರುತ್ತೇವೆ. ನಮ್ಮ ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿದ್ದ ಮಾಂಸ ನಂಬಿಕೆಗೆ ಅರ್ಹವಲ್ಲ. ಬೆಂದಿದೆಯೇ ಎಂದು ತಿಳಿಯಲು ಬಣ್ಣ ಸಾಲದು. ಕೆಲವು ನೂರು ರೂಪಾಯಿಗೆ ಸಿಗುವ ಚುಚ್ಚು ಥರ್ಮಾಮೀಟರು ಮನೆಯಲ್ಲಿರಲಿ. ಕೋಳಿಯ ದಪ್ಪ ಭಾಗದೊಳಗೆ 74 ಡಿಗ್ರಿ ಸೆಲ್ಸಿಯಸ್, ಕೊಚ್ಚಿದ ಮಾಂಸಕ್ಕೆ 71, ಆಡಿನ ಇಡೀ ತುಂಡಿಗೆ 63 ಮುಟ್ಟಿ ಮೂರು ನಿಮಿಷವಾದರೂ ವಿಶ್ರಾಂತಿ. ಸಾವಿರಾರು ರೂಪಾಯಿಯ ಒಲೆ ಕೊಂಡವನಿಗೆ ಇದು ದೊಡ್ಡ ಖರ್ಚಲ್ಲ.

ಉತ್ತಮಿಕೆಯ ಪ್ರಶ್ನೆ

ಇಷ್ಟೆಲ್ಲ ಏಕೆ, ಒಂದು ದಿನದ ಮೋಜಿಗೆ ಇಷ್ಟು ಉಪದೇಶವೇ ಎಂದು ಯಾರಾದರೂ ಕೇಳಬಹುದು. ನಮಗೆ ಈ ವಿಷಯ ಮೋಜಿನಾಚೆಗೂ ಮುಖ್ಯವೆನಿಸುತ್ತದೆ. ಪ್ರತಿಯೊಂದು ಕೆಲಸದಲ್ಲೂ 'ಇಹ್ಸಾನ್', ಅಂದರೆ ಉತ್ತಮಿಕೆ ಇರಬೇಕೆಂದು ಪ್ರವಾದಿವರ್ಯರು(ಸ) ಬೋಧಿಸಿದರು. ಅದಕ್ಕೆ ಅವರು ಆರಿಸಿಕೊಂಡ ಉದಾಹರಣೆಯೇ ಪ್ರಾಣಿಯನ್ನು ಕೊಯ್ಯುವ ಸಂದರ್ಭ. ಚೂರಿ ಹರಿತವಾಗಿರಲಿ, ಪ್ರಾಣಿಗೆ ನೋವು ಕಡಿಮೆಯಾಗಲಿ ಎಂದರು. ಈ ಉತ್ತಮಿಕೆ ಚೂರಿಯ ಬಳಿಯೇ ನಿಂತುಬಿಡಬೇಕೆ? ಬಿಸ್ಮಿಲ್ಲಾ ಹೇಳಿ ಪಡೆದ ಜೀವವನ್ನು ಅಜ್ಞಾನದಿಂದ ಸುಟ್ಟು ಕಸದ ಬುಟ್ಟಿಗೆ ಹಾಕುವುದು ಆ ಪ್ರಾಣಿಗೂ, ಅದನ್ನು ಕೊಟ್ಟವನಿಗೂ ತೋರುವ ಕೃತಘ್ನತೆಯಲ್ಲವೇ? ರಾಜ್ಯದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ ಬಡ ಮನೆಗಳ ಪಾಲಿಗೆ ಕೆಂಪು ಮಾಂಸ ಇನ್ನಷ್ಟು ದುಬಾರಿಯಾಗಿದೆ. ಅಂಥಲ್ಲಿ ಒಂದು ಕಿಲೋ ಆಡಿನ ಮಾಂಸ ಕರಕಲಾದರೆ ಅದು ಬರೀ ರುಚಿಯ ನಷ್ಟವಲ್ಲ.

ಬಕ್ರೀದ್ ಯಾರ ನೆನಪಿನ ಹಬ್ಬವೋ ಆ ಇಬ್ರಾಹೀಮ್(ಅ) ಅವರನ್ನು ಪವಿತ್ರ ಕುರ್‌ಆನ್ ಬಲಿದಾನಿಯಾಗಿ ಮಾತ್ರ ಚಿತ್ರಿಸುವುದಿಲ್ಲ, ಅತಿಥಿಗಳನ್ನು ಸತ್ಕರಿಸುವ ಮನೆಯೊಡೆಯನಾಗಿಯೂ ಚಿತ್ರಿಸುತ್ತದೆ. ಗುರುತಿಲ್ಲದ ಅತಿಥಿಗಳು ಬಂದಾಗ ಅವರು ತಡಮಾಡದೆ ಸುಟ್ಟ ಕರುವಿನ ಮಾಂಸವನ್ನು ತಂದು ಮುಂದಿಟ್ಟ ಪ್ರಸಂಗ ಹೂದ್ ಅಧ್ಯಾಯದಲ್ಲಿದೆ. ಅಲ್ಲಿ ಬಳಕೆಯಾದ 'ಹನೀದ್' ಎಂಬ ಪದವನ್ನು ಕಾದ ಕಲ್ಲುಗಳ ಮೇಲೆ ಸುಟ್ಟದ್ದು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಸುಟ್ಟ ಮಾಂಸ ನಮ್ಮ ಪರಂಪರೆಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಅಪರಿಚಿತರ ಮುಂದೆ ಇಟ್ಟ ತಟ್ಟೆಯಲ್ಲಿ, ನಮ್ಮ ನಮ್ಮಲ್ಲೇ ಹಂಚಿಕೊಂಡ ತಟ್ಟೆಯಲ್ಲಲ್ಲ.

ನಮ್ಮ ಕೊನೆಯ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಸಾರು ಮಾಡುವಾಗ ಸ್ವಲ್ಪ ನೀರು ಹೆಚ್ಚು ಹಾಕಿ ನೆರೆಮನೆಯವರನ್ನು ನೆನೆಯಿರಿ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಸಾರಿಗೆ ನೀರು ಸೇರಿಸಬಹುದು. ಕೆಂಡದ ಮೇಲಿನ ತುಂಡುಗಳಿಗೆ ಏನನ್ನೂ ಸೇರಿಸಲಾಗದು, ಅವು ಎಣಿಸಿದಷ್ಟೇ ಇರುತ್ತವೆ. ಆದ್ದರಿಂದಲೇ ಸುಡುವ ಅಡುಗೆ ತನ್ನಿಂತಾನೇ ಸ್ವಾರ್ಥಿಯಾಗುವ ಅಪಾಯವಿದೆ. ಬಂದವರನ್ನು ಎಣಿಸಿ ತುಂಡು ಹಾಕುತ್ತೇವೆ, ಬಾರದವರು ಎಣಿಕೆಯಲ್ಲಿಲ್ಲ. ಅದರ ಪರಿಮಳ ಮಾತ್ರ ಸಾರಿನದ್ದಕ್ಕಿಂತ ನಾಲ್ಕು ಪಟ್ಟು ದೂರ ಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ಕುರ್ಬಾನಿಯ ಪಾಲು ನ್ಯಾಯವಾಗಿ ಹಂಚಿಕೆಯಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎಳೆಯ ಮಾಂಸವನ್ನು ಜಾಲರಿಗೆ ಎತ್ತಿಟ್ಟು, ಮೂಳೆ ನಾರುಗಳನ್ನು ಬಡವರ ಚೀಲಕ್ಕೆ ತುಂಬುವ ಹೊಸ ಚಾಳಿಯನ್ನೂ ಕಂಡಿದ್ದೇವೆ. ಕೆಂಡಕ್ಕೆ ಯಾವ ಭಾಗ ಒಳ್ಳೆಯದು ಎಂದು ನಾವು ಮೇಲೆ ಬರೆದದ್ದು ಈ ಚಾಳಿಗೆ ಕೈಪಿಡಿಯಾದರೆ ಬರೆದ ನಮಗೆ ನಾಚಿಕೆ. ಪಾಲು ಮಾಡಿದ ಮೇಲೆ ನಮ್ಮ ಪಾಲಿನಿಂದ ಆರಿಸಬೇಕೇ ಹೊರತು ಆರಿಸಿದ ಮೇಲೆ ಪಾಲು ಮಾಡುವುದಲ್ಲ.

ಮುಂಡಾಜೆಯಂಥ ಊರಿನಲ್ಲಿ ಬೇಲಿಯಾಚೆಗೆ ಎಲ್ಲ ಬಗೆಯ ಮನೆಗಳಿವೆ. ಮಾಂಸ ತಿನ್ನುವವರಿದ್ದಾರೆ, ಚಿತ್ಪಾವನರು, ಜೈನರಂತೆ ಅದನ್ನು ಮುಟ್ಟದವರೂ ಇದ್ದಾರೆ. ತೋಟದ ಕೆಲಸಕ್ಕೆ, ನೀರಿನ ಸರದಿಗೆ, ಮದುವೆಗೆ, ಮರಣಕ್ಕೆ ಒಬ್ಬರಿಗೊಬ್ಬರು ಬೇಕಾದವರು. ನಮ್ಮ ಊಟ ನಮ್ಮ ಹಕ್ಕು, ಅದರಲ್ಲಿ ಅಂಜಿಕೆಯ ಮಾತಿಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ ಒಲೆ ಇಡುವುದು ಅಂಜಿಕೆಯಲ್ಲ, ನೆರೆಹೊರೆಯ ಮರ್ಯಾದೆ. ಮಾಂಸ ತಿನ್ನುವ ನೆರೆಯವರಿಗೆ ಬಿಸಿ ಇರುವಾಗಲೇ ಒಂದು ತಟ್ಟೆ, ತಿನ್ನದವರಿಗೆ ಹಿಂದಿನ ದಿನವೇ ಹಣ್ಣೋ ಸಿಹಿಯೋ ತಲುಪಲಿ. ಹಿಂದಿನವರು ಇದನ್ನು ಸೌಹಾರ್ದ ಎಂಬ ದೊಡ್ಡ ಹೆಸರಿಲ್ಲದೆಯೇ ಮಾಡುತ್ತಿದ್ದರು.

ಮುಂದಿನ ಹಬ್ಬಕ್ಕೆ ಆ ಹಿತ್ತಿಲಿಗೆ ನಮ್ಮನ್ನು ಮತ್ತೆ ಕರೆದರೆ ಖಂಡಿತ ಹೋಗುತ್ತೇವೆ. ಹುಡುಗರಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ, ಅವರಿಗೆ ಹೇಳಿಕೊಡುವವರು ಸುಮ್ಮನಿದ್ದರು. ನಾವೂ ಸುಮ್ಮನಿದ್ದೆವು. ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದ ಆ ಹಿರಿಯರು ಮತ್ತು ಒಳಗಿನ ಕೋಣೆಯಲ್ಲಿದ್ದ ಅವರ ಮನೆಯಾಕೆ ಬಚ್ಚಲೊಲೆಯ ಕಾಲದವರು. ಈ ಸಲ ಒಲೆಯ ಪಕ್ಕದಲ್ಲಿ ಅವರಿಬ್ಬರಿಗೂ ಕುರ್ಚಿ ಹಾಕಬೇಕು, ಇದ್ದಿಲಿನ ಮೇಲೆ ಬೂದಿ ಕೂರುವವರೆಗಿನ ಆ ಅರ್ಧ ಗಂಟೆ ಅವರ ಮಾತು ಕೇಳಬೇಕು. ಅವರು ಹೇಳಿದ್ದನ್ನು ಯಾರಾದರೂ ಒಬ್ಬರು ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕು.